ಹಗಿಯ ನಕ್ಷೆ, ಮಳಖೇಡದ ಗೋಡೆ

ಜಪಾನಿನ ಅತಿ ದೊಡ್ಡ ದ್ವೀಪ ಹೊನ್ಶು. ಅದರ ಪಶ್ಚಿಮ ತುದಿಯ ಹತ್ತಿರ, ಕಡಲಿಗೆ ಮುಖ ಮಾಡಿ ಹಗಿ ಎಂಬ ಪುಟ್ಟ ನಗರವಿದೆ. ಈ ಊರಿಗೊಂದು ವಿಶೇಷವಿದೆ. ನೂರೈವತ್ತು ವರ್ಷಕ್ಕೂ ಹಿಂದೆ, ಅರಸರ ಕಾಲದಲ್ಲಿ ಬರೆದ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಇಂದಿಗೂ ಅದರ ಹಳೆಯ ಬೀದಿಗಳಲ್ಲಿ ತಿರುಗಾಡಬಹುದು. ನಕ್ಷೆಯಲ್ಲಿದ್ದ ಓಣಿ ಇದ್ದಲ್ಲೇ ಇದೆ, ತಿರುವು ಇದ್ದಲ್ಲೇ ಇದೆ.

ಹಗಿ ಕೋಟೆಯ ಕತೆ ಆರಂಭವಾಗುವುದು ಒಂದು ಸೋಲಿನಿಂದ. 1600ರಲ್ಲಿ ಸೆಕಿಗಹರ ಎಂಬಲ್ಲಿ ದೊಡ್ಡ ಯುದ್ಧ ನಡೆಯಿತು. ಸೋತ ಪಕ್ಷದಲ್ಲಿದ್ದ ಮೋರಿ ತೆರುಮೊತೊ ಎಂಬ ಸಾಮಂತ ತನ್ನ ರಾಜ್ಯದ ಬಹುಭಾಗವನ್ನು, ಹಿರೊಶಿಮಾದಲ್ಲಿದ್ದ ತನ್ನ ಕೋಟೆಯನ್ನು ಬಿಟ್ಟುಕೊಡಬೇಕಾಯಿತು. ಉಳಿದಷ್ಟು ನೆಲದಲ್ಲಿ ಹೊಸ ಕೋಟೆಗೆ ಅವನಿಗೆ ದೊರೆತದ್ದು ಮೂಲೆಯಲ್ಲಿದ್ದ ಹಗಿ. 1604ರಲ್ಲಿ ಕೆಲಸ ಆರಂಭವಾಯಿತು. ಹಿಂಬದಿಗೆ ಕಡಲೊಳಕ್ಕೆ ಚಾಚಿದ ಶಿಜುಕಿ ಗುಡ್ಡ, ಅದರ ಬುಡದಲ್ಲಿ ಕೋಟೆ, ಸುತ್ತ ಕಂದಕ, ಮುಂದೆ ಹೊಳೆಯ ಮುಖಜಭೂಮಿಯಲ್ಲಿ ಊರು. ವೈರಿ ನೇರವಾಗಿ ನುಗ್ಗಬಾರದೆಂದು ಕೆಲವು ಬೀದಿಗಳನ್ನು ಬೇಕೆಂದೇ ಕೊಕ್ಕೆಯಂತೆ ತಿರುಗಿಸಿದ್ದರು.

ಇಷ್ಟು ಕೇಳಿ ಹಗಿಗೆ ಹೋದವರಿಗೆ ಅಲ್ಲಿ ಕೋಟೆಯ ಅರಮನೆಯಾಗಲಿ ಎತ್ತರದ ಗೋಪುರವಾಗಲಿ ಕಾಣುವುದಿಲ್ಲ. 1868ರ ನಂತರ ಜಪಾನಿನಲ್ಲಿ ಸಾಮಂತರ ಆಳ್ವಿಕೆ ಕೊನೆಗೊಂಡಿತು. ಹೊಸ ಸರಕಾರಕ್ಕೆ ಹಳೆಯ ಕೋಟೆಗಳು ಬೇಕಿರಲಿಲ್ಲ. 1874ರಲ್ಲಿ ಹಗಿಯ ಗೋಪುರವನ್ನು ಬಿಚ್ಚಿ ಹಾಕಲಾಯಿತು. ಉಳಿದದ್ದು ಕಲ್ಲಿನ ಬುನಾದಿ, ಕಂದಕದ ನೀರು, ಊರಿನ ಬೀದಿಗಳು.

ಆದರೂ 2015ರಲ್ಲಿ ಯುನೆಸ್ಕೊ ಈ ಊರಿನ ಕೆಲವು ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದಕ್ಕೆ ಕಾರಣಗಳಲ್ಲೊಂದು ಅಲ್ಲಿಯ ಜನ. ವೃತ್ತಿ ಕಳೆದುಕೊಂಡ ಯೋಧರ ಮನೆತನಗಳು ಹೊಟ್ಟೆಪಾಡಿಗಾಗಿ ತಮ್ಮ ವಿಶಾಲ ಹಿತ್ತಲುಗಳಲ್ಲಿ ಕಿತ್ತಳೆ ಜಾತಿಯ ಹಣ್ಣಿನ ಗಿಡ ನೆಟ್ಟವು. ಗಿಡಗಳಿಗೆ ಗಾಳಿಯ ಮರೆ ಬೇಕಾದ್ದರಿಂದ ಹಳೆಯ ಮಣ್ಣಿನ ಗೋಡೆಗಳು ಉಳಿದವು. ಗೋಡೆಗಳು ಉಳಿದದ್ದರಿಂದ ಬೀದಿಗಳೂ ಉಳಿದವು. ರೈಲು ಬಂದಾಗ ಅದರ ಹಳಿಯೂ ಹಳೆಯ ಊರನ್ನು ಸೀಳದೆ ಸುತ್ತು ಹಾಕಿಕೊಂಡು ಹೋಯಿತು.

ಪಟ್ಟಿಗೆ ಸೇರಿದ ತಾಣಗಳಲ್ಲಿ ಒಂದು ಸಣ್ಣ ಮರದ ಮನೆಯೂ ಇದೆ. ಅದು ಶೋಕಾ ಸೋನ್‌ಜುಕು ಎಂಬ ಖಾಸಗಿ ಪಾಠಶಾಲೆ. 1857ರ ಸುಮಾರಿಗೆ ಯೋಶಿದಾ ಶೋಇನ್ ಎಂಬ ತರುಣ ಗುರು ಅಲ್ಲಿ ಪಾಠ ಹೇಳಿದ. ಅವನು ಕಲಿಸಿದ್ದು ಹೆಚ್ಚು ಕಾಲವಲ್ಲ. 1859ರಲ್ಲಿ ಆಗಿನ ಸರಕಾರ ಅವನಿಗೆ ಮರಣದಂಡನೆ ವಿಧಿಸಿತು. ಆದರೆ ಅವನ ಮುಂದೆ ಕುಳಿತು ಓದಿದ ಇತೊ ಹಿರೊಬುಮಿ 1885ರಲ್ಲಿ ಜಪಾನಿನ ಮೊದಲ ಪ್ರಧಾನಿಯಾದ. ಕೋಟೆ ಹೋದರೂ ಪಾಠಶಾಲೆಯ ಹೆಸರು ಉಳಿಯಿತು.

ಹಗಿಗೆ ಹೋಗಲು ಪಾಸ್‌ಪೋರ್ಟು ಬೇಕು, ವಿಮಾನ ಬೇಕು, ಕೈತುಂಬ ಹಣ ಬೇಕು. ಆದರೆ ಕೋಡ್ಲಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ವಿದ್ಯಾರ್ಥಿಗೆ ಇಂಥದೇ ಒಂದು ಕೋಟೆಯ ಊರು ಬಸ್ಸಿನ ಟಿಕೆಟಿನಷ್ಟು ದೂರದಲ್ಲಿದೆ. ಅದು ಹಗಿಗಿಂತ ಸುಮಾರು ಎಂಟುನೂರು ವರ್ಷ ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡವೇ ಆ ಊರು. ಪಠ್ಯಪುಸ್ತಕದಲ್ಲಿ ಮಾನ್ಯಖೇಟ ಎಂದು ಬರುವ ರಾಷ್ಟ್ರಕೂಟರ ರಾಜಧಾನಿ ಇದೇ. 'ರಾಷ್ಟ್ರಕೂಟರ ರಾಜಧಾನಿ ಯಾವುದು?' ಎಂಬ ಒಂದು ಅಂಕದ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದು, ಕಲಬುರಗಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಅದೇ ಊರನ್ನು ನೋಡಿಯೂ ಇಳಿಯದೆ ಹೋಗುವ ಮಕ್ಕಳು ಈ ಭಾಗದಲ್ಲಿ ಕಡಿಮೆಯಿಲ್ಲ.

ಮಳಖೇಡಕ್ಕೆ ಕಡಲಿಲ್ಲ. ಕೋಟೆಯ ಮಗ್ಗುಲಲ್ಲಿ ಹರಿಯುವುದು ಕಾಗಿಣಾ ನದಿ. ಮುಂದೆ ಅದು ಶಹಾಬಾದದ ಹತ್ತಿರ ಭೀಮೆಯನ್ನು ಸೇರುತ್ತದೆ. ಆದರೆ ಈ ಊರಿನ ಅರಸರ ಹೆಸರು ಕಡಲು ದಾಟಿತ್ತು. 851ರ ಸುಮಾರಿಗೆ ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ದಾಖಲಾದ ವೃತ್ತಾಂತದಲ್ಲಿ 'ಬಲ್ಹಾರ' ಎಂಬ ದೊರೆಯ ಹೆಸರು ಬರುತ್ತದೆ. ಬಾಗದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ದೊರೆ, ಅವರ ಸಾಲಿನಲ್ಲಿ ಬಲ್ಹಾರ — ಇವರೇ ಲೋಕದ ನಾಲ್ವರು ದೊಡ್ಡ ಅರಸರು ಎಂದು ಅಲ್ಲಿ ಎಣಿಸಲಾಗಿದೆ. ಈ ಬಲ್ಹಾರ ಎಂದರೆ ರಾಷ್ಟ್ರಕೂಟರ 'ವಲ್ಲಭರಾಜ'. ರೋಮಿನ ದೊರೆ ಎಂದರೆ ಆಗ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದವನು.

ಆಗ ಮಾನ್ಯಖೇಟದ ಗದ್ದುಗೆಯ ಮೇಲಿದ್ದವನು ಅಮೋಘವರ್ಷ ನೃಪತುಂಗ. 814ರಿಂದ 878ರವರೆಗೆ, ಅರವತ್ತು ವರ್ಷಕ್ಕೂ ಮೀರಿ ಆಳಿದ ದೊರೆ ಅವನು. ನಾಡಿಗೆ ಬಂದ ಕೇಡು ಕಳೆಯಲೆಂದು ತನ್ನ ಬೆರಳನ್ನೇ ಕೊಯ್ದು ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೊಗಳುತ್ತದೆ. ಕನ್ನಡದಲ್ಲಿ ಇಂದು ದೊರೆಯುವ ಕೃತಿಗಳಲ್ಲೆಲ್ಲ ಹಳೆಯದಾದ 'ಕವಿರಾಜಮಾರ್ಗ' ಅವನ ಆಸ್ಥಾನದಲ್ಲೇ ಹುಟ್ಟಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆ ಎಂದು ಹೇಳಿದ್ದು ಆ ಗ್ರಂಥವೇ.

ಗಣಿತವೆಂದರೆ ಅಂಜುವ ವಿದ್ಯಾರ್ಥಿಗಳು ತಿಳಿಯಬೇಕಾದ ಹೆಸರು ಇನ್ನೊಂದಿದೆ. ಅದು ಮಹಾವೀರಾಚಾರ್ಯ. ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಈ ಜೈನ ಪಂಡಿತ, ಗ್ರಂಥದ ಮೊದಲಿನಲ್ಲೇ ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಅಲ್ಲಿಯವರೆಗೆ ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳೊಳಗಿನ ಒಂದು ಭಾಗವಾಗಿ ಬರುತ್ತಿತ್ತು; ಇವನು ಗಣಿತಕ್ಕೇ ಒಂದು ಪೂರ್ತಿ ಪುಸ್ತಕ ಮೀಸಲಿಟ್ಟ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿದ. ಮಾಲೆಯಂತೆ ಕಾಣುವ ಗುಣಲಬ್ಧಗಳೆಂದರೆ ಅವನಿಗೆ ಬಲು ಪ್ರೀತಿ. 27994681ನ್ನು 441ರಿಂದ ಗುಣಿಸಿದರೆ ಬರುವುದು 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 142857143ನ್ನು 7ರಿಂದ ಗುಣಿಸಿದರೆ 1000000001. ಕ್ಯಾಲ್ಕುಲೇಟರ್ ಮುಟ್ಟದೆ ಹಾಳೆಯ ಮೇಲೆ ಇವನ್ನು ಮಾಡಿ ನೋಡಬೇಕು. ಆಗ ಮಾನ್ಯಖೇಟದ ಕಾಲದ ಒಂದು ಪಾಠ ಮತ್ತೊಮ್ಮೆ ನಡೆದಂತಾಗುತ್ತದೆ.

ಈ ವೈಭವ ಬಹುಕಾಲ ಉಳಿಯಲಿಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮುಂದಿನ ವರ್ಷ ಚಾಲುಕ್ಯ ತೈಲಪ ಅಧಿಕಾರ ಹಿಡಿದ. ಚಾಲುಕ್ಯರ ರಾಜಧಾನಿ ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಮೇಲೆ ಮಳಖೇಡ ಮೆಲ್ಲಗೆ ಹಳ್ಳಿಯಾಯಿತು. ಆದ್ದರಿಂದ ಇಂದು ಕಾಣುವ ಗೋಡೆ, ಬುರುಜು, ಅಗಸಿಗಳೆಲ್ಲ ಅಮೋಘವರ್ಷನೇ ಕಟ್ಟಿಸಿದವೆಂದು ತಿಳಿಯಬಾರದು. ನಂತರ ಬಂದ ಅರಸರೂ ಕೋಟೆಯನ್ನು ರಿಪೇರಿ ಮಾಡಿಸಿದ್ದಾರೆ, ಬೆಳೆಸಿದ್ದಾರೆ. ಆದರೆ ಕಲ್ಲು ಮಾತ್ರ ಇದೇ ನೆಲದ್ದು. ಶಹಾಬಾದದ ಫರ್ಸಿಯಾಗಿ ಮನೆಯೊಳಗೆ ಹಾಸಿರುವುದು, ಸಿಮೆಂಟ್ ಕಾರ್ಖಾನೆಗಳಲ್ಲಿ ಪುಡಿಯಾಗುತ್ತಿರುವುದು ಈ ಸೀಮೆಯ ಸುಣ್ಣದ ಕಲ್ಲೇ.

ಹಗಿಗೂ ಮಳಖೇಡಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಎರಡೂ ಕಡೆ ಅರಮನೆ ಹೋಗಿದೆ. ಹಗಿಯಲ್ಲಿ ಉಳಿದದ್ದನ್ನು ಊರವರೇ ಗುರುತು ಹಿಡಿದು ಹೇಳಬಲ್ಲರು. ಮಳಖೇಡದಲ್ಲಿ ಗೋಡೆಗಳ ಮೇಲೆ ಗಿಡಗಂಟಿ ಬೇರು ಬಿಟ್ಟು ಕಲ್ಲು ಸಡಿಲಾಗಿವೆ. 2020ರ ಮಳೆಗೆ ಕೋಟೆಯ ಒಂದಷ್ಟು ಭಾಗ ಕುಸಿದೂ ಬಿತ್ತು. ರಿಪೇರಿ ಮಾಡಿಸುವುದು ಸರಕಾರದ ಕೆಲಸ ನಿಜ. ಆದರೆ ಯಾವ ಕಲ್ಲು ಎಲ್ಲಿತ್ತು ಎಂದು ಬಲ್ಲವರೇ ಇಲ್ಲದಿದ್ದರೆ ಬಿದ್ದದ್ದನ್ನು ಯಾರೂ ಕೇಳುವುದಿಲ್ಲ. ಕೇಳುವವರು ಸುತ್ತಲಿನ ಶಾಲೆಗಳಲ್ಲೇ ತಯಾರಾಗಬೇಕು.

ಶಾಲಾ ಪ್ರವಾಸವೆಂದರೆ ಹಂಪಿ, ಬಾದಾಮಿ, ಮೈಸೂರು ಎಂಬ ರೂಢಿಯಿದೆ. ಅವು ನೋಡಬೇಕಾದವೇ. ಆದರೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟು ಹೊತ್ತು ಮುಳುಗುವುದರೊಳಗೆ ಮನೆ ಸೇರುವ ಮಳಖೇಡದ ಪ್ರವಾಸಕ್ಕೆ ಖರ್ಚು ಕಡಿಮೆ, ಲಾಭ ಹೆಚ್ಚು. ಮಳೆಗಾಲ ಮುಗಿದು ಬಿಸಿಲು ಏರುವ ಮೊದಲಿನ ತಿಂಗಳುಗಳು ಒಳ್ಳೆಯವು. ಸೇಡಂ–ಕಲಬುರಗಿ ದಾರಿಯಲ್ಲೇ ಊರಿದೆ. ವಾಡಿ–ಸಿಕಂದರಾಬಾದ ರೈಲು ಮಾರ್ಗದಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವಿದೆ, ಆದರೆ ಅಲ್ಲಿಂದ ಊರಿಗೆ ಅಂತರವಿದೆ.

ಹೋಗುವ ಮುನ್ನ ಶಿಕ್ಷಕರು ಅಮೋಘವರ್ಷನ ಪಾಠವನ್ನು ಒಮ್ಮೆ ಓದಿಸಬೇಕು. ಕೋಟೆಯಲ್ಲಿ ಮಕ್ಕಳು ಅಗಸಿಯಿಂದ ಆರಂಭಿಸಿ ತಾವೇ ಒಂದು ನಕ್ಷೆ ಬರೆಯಲಿ: ಬುರುಜುಗಳೆಷ್ಟು, ನದಿ ಯಾವ ಮಗ್ಗುಲಿಗಿದೆ, ಗೋಡೆ ಎಲ್ಲಿ ಬಿದ್ದಿದೆ. ಬಿದ್ದ ಗೋಡೆಯ ಹತ್ತಿರ ಹೋಗದೆ ದೂರದಿಂದಲೇ ಗುರುತು ಹಾಕಿಕೊಳ್ಳಬೇಕು. ಮೇಲೆ ಹತ್ತಬಾರದು, ಕಲ್ಲಿನ ಮೇಲೆ ಹೆಸರು ಕೆತ್ತಬಾರದು. ಓಣಿಗಳಲ್ಲಿ ಕುಳಿತ ಹಿರಿಯರನ್ನು 'ಮುತ್ಯಾ, ಈ ಜಾಗಕ್ಕ ಏನಂತಾರ?' ಎಂದು ಕೇಳಿದರೆ ಯಾವ ಪುಸ್ತಕದಲ್ಲೂ ಇಲ್ಲದ ಹೆಸರುಗಳು ಸಿಗುತ್ತವೆ. ನೇಮಿನಾಥ ಬಸದಿಯ ಕಂಬಗಳನ್ನು, ಶಿಲ್ಪಗಳನ್ನು ನಿಧಾನವಾಗಿ ನೋಡಬೇಕು. ಟೀಕಾರಾಯರೆಂದು ಹೆಸರಾದ ಜಯತೀರ್ಥರ ಸನ್ನಿಧಿಯೆಂದು ಯಾತ್ರಿಕರು ಬರುವ ಉತ್ತರಾದಿ ಮಠವೂ ಅಲ್ಲೇ ಇದೆ.

ಇದನ್ನೆಲ್ಲ ಓದುವ ತಂದೆತಾಯಿಗಳಿಗೆ 'ಇದರಿಂದ ಅಂಕ ಬರುತ್ತದೆಯೇ?' ಎನಿಸಬಹುದು. ಒಂದು ಅಂಕ ಖಂಡಿತ ಬರುತ್ತದೆ. ಉಳಿದ ಲಾಭ ಅಂಕಪಟ್ಟಿಯಲ್ಲಿ ಕಾಣುವಂಥದಲ್ಲ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಗಣಿತ, ವ್ಯಾಕರಣ, ಕಾವ್ಯ ಬಲ್ಲವರನ್ನು ಕರೆದು ಕೂರಿಸಿಕೊಂಡ ನೆಲ ತನ್ನದೇ ತಾಲ್ಲೂಕಿನದು ಎಂದು ತಿಳಿದ ಹುಡುಗಿ, 'ನಮ್ಮ ಕಡೆ ಏನೈತಿ?' ಎಂದು ತಲೆ ತಗ್ಗಿಸುವುದಿಲ್ಲ. ಮಕ್ಕಳು ಬರೆದು ತಂದ ನಕ್ಷೆಗೆ ತಾರೀಖು ಹಾಕಿ ಶಾಲೆಯ ಗೋಡೆಗೆ ಅಂಟಿಸಬೇಕು. ಮುಂದಿನ ವರ್ಷದ ತರಗತಿ ಅದೇ ನಕ್ಷೆ ಹಿಡಿದು ಮಳಖೇಡಕ್ಕೆ ಹೋಗಿ, ಯಾವ ಕಲ್ಲು ಇದ್ದಲ್ಲೇ ಇದೆ, ಯಾವುದು ಇಲ್ಲ ಎಂದು ಗುರುತು ಮಾಡಿಕೊಂಡು ಬರಲಿ.