ವ್ಯಾನ್ ಬಂತು, ನಡಿಗೆ ಹೋಯ್ತು

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು, ಅದು ಇದು... ನೆಪಗಳಿಗೇನು ಕಮ್ಮಿ! ಮೊನ್ನೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಹತ್ತೇ ಮನೆಗಳ ಹಳ್ಳಿ ನಮ್ಮದು. ಅಲ್ಲಿ ಆದ ಒಂದು ಸಣ್ಣ ಸಂಗತಿ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಈ ಬರಹ.

ಅಕ್ಕನ ಮಗ ಈಗಷ್ಟೇ ನಾಲ್ಕನೇ ಕ್ಲಾಸು ಮುಗಿಸಿದ್ದಾನೆ. ಒಂದು ಸಂಜೆ ಅವನನ್ನೂ ಅಮ್ಮನನ್ನೂ ಕರ್ಕೊಂಡು ಹಿನ್ನೀರು ನೋಡಲು ಹೊರಟೆ. ಮನೆಯಿಂದ ಹೆಚ್ಚೆಂದರೆ ಒಂದೂವರೆ ಕಿಲೋಮೀಟರು. ಅರ್ಧ ದಾರಿಗೇ "ಮಾವಾ, ಕಾಲು ನೋಯ್ತಿದೆ, ಬೈಕಲ್ಲಿ ಬರಬಹುದಿತ್ತಲ್ವಾ?" ಅಂದ. ಬೈಯೋಣ ಅಂದ್ರೆ ನನಗೇ ಏದುಸಿರು! ಅರವತ್ತು ದಾಟಿದ ಅಮ್ಮ ಮಾತ್ರ ಧರೆ ಹತ್ತಿ ನಿಂತು ನಮ್ಮಿಬ್ಬರಿಗೂ ಕಾಯ್ತಾ ಇದ್ದಳು.

ಮಲೆನಾಡಿನಲ್ಲಿ ಆಟದ ಮೈದಾನ ಅನ್ನೋದು ಯಾವತ್ತೂ ಕಷ್ಟದ ವಿಷಯವೇ. ಸಮತಟ್ಟು ಜಾಗ ಅಂದ್ರೆ ಗದ್ದೆ, ಇಲ್ಲಾ ಅಡಿಕೆ ಒಣಗಿಸೋ ಅಂಗಳ. ನಮ್ಮ ಕ್ರಿಕೆಟ್ ನಡೀತಿದ್ದದ್ದು ಏಪ್ರಿಲ್-ಮೇನಲ್ಲಿ ನೀರು ಇಳಿದಾಗ ಕಾಣಿಸಿಕೊಳ್ಳುವ ಹಿನ್ನೀರಿನ ಬಯಲಲ್ಲಿ. 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದ ಮುಳುಗಿದ ಯಾರದೋ ಗದ್ದೆಯ ಮೇಲೆ ನಮ್ಮ ಪಿಚ್ಚು! ಮಳೆ ಹಿಡಿದು ನೀರಿನ ಮಟ್ಟ 1819 ಅಡಿಯ ಕಡೆ ಏರತೊಡಗಿದರೆ ಪಿಚ್ಚೂ ಮುಳುಗಿತು, ಆಟವೂ ಮುಗಿಯಿತು. ಮತ್ತೆ ನಾಲ್ಕು ತಿಂಗಳು ಹೊರಗೆ ಕಾಲಿಡುವ ಹಾಗಿಲ್ಲ.

ಆದರೂ ನಮ್ಮ ಕಾಲು ಗಟ್ಟಿಯಿತ್ತು. ಯಾಕಂದ್ರೆ ಮಳೆಯಿರಲಿ ಬಿಸಿಲಿರಲಿ ಶಾಲೆಗೆ ನಡೀತಿದ್ವಿ. ಹೋಗ್ತಾ ಎರಡೂವರೆ ಕಿಲೋಮೀಟರು, ಬರ್ತಾ ಎರಡೂವರೆ. ದಾರಿಯಲ್ಲಿ ನೇರಳೆ ಮರ, ಕೌಳಿ ಹಣ್ಣು, ಜಗಳ, ರಾಜಿ ಎಲ್ಲಾ ಸೇರಿ ಮನೆ ತಲುಪೋಕೆ ಒಂದು ಗಂಟೆ. ಎಂಟನೇ ಕ್ಲಾಸಲ್ಲಿ ಸರ್ಕಾರದ ಸೈಕಲ್ ಸಿಕ್ತು (2006-07ರಲ್ಲಿ ಶುರುವಾದ ಯೋಜನೆ ಅದು). ಅದನ್ನೂ ಏರು ಬಂದಲ್ಲೆಲ್ಲ ಇಳಿದು ನೂಕ್ತಿದ್ವಿ. ವ್ಯಾಯಾಮ ಅನ್ನೋದು ಪಾಠದ ಪುಸ್ತಕದಲ್ಲಿ ಮಾತ್ರ ಇದ್ದ ಪದ.

ಈಗ ಅಳಿಯನ ದಿನಚರಿ ನೋಡಿ. ಬೆಳಿಗ್ಗೆ ಏಳೂಮುಕ್ಕಾಲಿಗೆ ವ್ಯಾನು ಗೇಟಿಗೇ ಬರತ್ತೆ, ಸಂಜೆ ಐದಕ್ಕೆ ಗೇಟಿಗೇ ಬಿಡತ್ತೆ. ಪೀಟಿ ಪೀರಿಯಡ್ಡು ಗಣಿತಕ್ಕೆ ಹೋಗಿದೆ. ಆಮೇಲೆ ಹೋಂವರ್ಕು, ಮೊಬೈಲು. "ಆಡ್ಕೋ ಹೋಗೋ" ಅಂದ್ರೆ ಯಾರ ಜೊತೆ ಆಡ್ತಾನೆ? ಊರಲ್ಲಿ ಇರೋದೇ ಮೂರು ಮಕ್ಕಳು, ಅದರಲ್ಲೊಂದಕ್ಕೆ ಎರಡು ವರ್ಷ. ಲಗೋರಿಗೂ ಜನ ಸಾಲದು. ಉಳಿದವರೆಲ್ಲ ಎಲ್ಲಿ? ನನ್ನ ಹಾಗೆ ಬೆಂಗಳೂರಲ್ಲಿ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದರ 2016ರ ಅಂಕಿ-ಅಂಶದ ಪ್ರಕಾರ ಜಗತ್ತಿನ 11-17 ವಯಸ್ಸಿನ ಮಕ್ಕಳಲ್ಲಿ ಶೇ. 81ರಷ್ಟು ಜನಕ್ಕೆ ಅಷ್ಟು ಸಿಗ್ತಿಲ್ಲ. ಹುಡುಗಿಯರಲ್ಲಂತೂ ಶೇ. 85. ಇದು ಪೇಟೆ ಮಕ್ಕಳ ಕತೆ ಅಂದುಕೊಂಡಿದ್ದೆ. ಸುತ್ತ ಕಾಡು, ಗುಡ್ಡ, ನೀರು ಇರೋ ನಮ್ಮೂರಿಗೂ ಬಂದಿದೆ ಅಂತ ಗೊತ್ತಾದದ್ದು ಮೊನ್ನೆ.

ಹಾಗಂತ 'ನಮ್ಮ ಕಾಲವೇ ಚಂದ' ಅಂತ ಹಾಡೋಕೆ ನಾನು ತಯಾರಿಲ್ಲ. ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ ಮಕ್ಕಳು ಹಳ್ಳದ ಪಾಲಾದ ಊರು ನಮ್ಮ ಮಲೆನಾಡು. ಅದಕ್ಕೆಂದೇ 'ಶಾಲಾ ಸಂಪರ್ಕ ಸೇತು' ಅನ್ನೋ ಯೋಜನೆ ಬರಬೇಕಾಯ್ತು. ದೂರ ಅನ್ನೋ ಕಾರಣಕ್ಕೇ ಶಾಲೆ ಬಿಟ್ಟ ಹುಡುಗಿಯರು ನಮ್ಮಮ್ಮನ ತಲೆಮಾರಲ್ಲಿ ಎಷ್ಟೋ. ಲಾಂಚಿಗೆ ಕಾದು ಕಾದು ಸುಸ್ತಾಗಿದ್ದ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಾಗ ನಾನೂ ಖುಷಿಪಟ್ಟವನೇ. ರಸ್ತೆ ಬೇಕು, ಸೇತುವೆ ಬೇಕು, ವ್ಯಾನೂ ಬೇಕು. ಆದರೆ ವ್ಯಾನು ಅಪಾಯದ ದಾರಿಯ ಜೊತೆಗೆ ಅಪಾಯವಿಲ್ಲದ ದಾರಿಯನ್ನೂ ಕಿತ್ಕೊಂಡಿತು ಅನ್ನೋದಷ್ಟೇ ನನ್ನ ತಕರಾರು.

ಅದಕ್ಕೆ ನನಗೆ ತೋಚಿದ್ದು ಇಷ್ಟು. ವ್ಯಾನು ಗೇಟಿಗೆ ಬರೋದು ಬೇಡ, ಒಂದು ಕಿಲೋಮೀಟರು ಆಚೆ ನಿಲ್ಲಲಿ. ಅಲ್ಲಿಂದ ಅಕ್ಕಪಕ್ಕದ ಕೇರಿಯ ಮಕ್ಕಳೆಲ್ಲ ಗುಂಪಾಗಿ ನಡೆದು ಬರಲಿ, ಜೊತೆಗೆ ಸರದಿ ಮೇಲೆ ಒಬ್ಬರು ದೊಡ್ಡವರು ಇರಲಿ. ಜಪಾನಿನ ಎಷ್ಟೋ ಕಡೆ ಪ್ರೈಮರಿ ಮಕ್ಕಳು ಹೀಗೇ ಗುಂಪು ಕಟ್ಟಿಕೊಂಡು ಶಾಲೆಗೆ ನಡೀತಾರೆ. ಇದಕ್ಕೆ ಕೋಚಿಂಗ್ ಬೇಡ, ಸಮ್ಮರ್ ಕ್ಯಾಂಪ್ ಬೇಡ, ಫೀಸೂ ಇಲ್ಲ. ನಡೆಯೋದು ನೆಪ ಅಷ್ಟೇ, ಮೂರು ಮಕ್ಕಳ ಊರಿನ ಹುಡುಗನಿಗೆ ಆಡೋಕೆ ಆರೇಳು ಜನ ಸಿಗ್ತಾರಲ್ಲ, ಅದೇ ದೊಡ್ಡದು.

ಅಕ್ಕನಿಗೆ ಹೇಳಿದೆ. "ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋದವನು ನೀನು, ನನಗೆ ಹೇಳ್ತೀಯಾ?" ಅಂದಳು :-) ಮಾತು ನಿಜವೇ. ಇಪ್ಪತ್ತೆಂಟಕ್ಕೇ ಸೊಂಟ ನೋವು ಅಂತ ಒದ್ದಾಡೋನು ನಾನು. ಅದಕ್ಕೇ ತಾನೇ ಹೇಳ್ತಿರೋದು! ಕೊನೆಗೆ, ಸಂಜೆ ಮಾತ್ರ, ಮಳೆ ಜೋರಿಲ್ಲದ ದಿನ ಮಾತ್ರ ಅಂತ ಒಪ್ಪಿದಳು. ವ್ಯಾನಿನವನು ಮಾತ್ರ ಡೀಸೆಲ್ ಉಳಿಯತ್ತೆ ಅಂತ ಕೂಡಲೇ ಹೂಂ ಅಂದ.

ಜೂನ್‌ನಿಂದ ಶುರು. ಎಷ್ಟು ದಿನ ನಡೆಯತ್ತೋ ನೋಡಬೇಕು, ಮುಂದಿನ ಸಲ ಬರೀತೀನಿ. ನಿಮ್ಮೂರ ಮಕ್ಕಳು ಶಾಲೆಗೆ ಹೇಗೆ ಹೋಗ್ತಾರೆ? ಸಂಜೆ ಎಲ್ಲಿ ಆಡ್ತಾರೆ? ಬರೆದು ತಿಳಿಸಿ, ಅಕ್ಕನಿಗೆ ಓದಿ ಹೇಳೋಕೆ ನನಗೂ ನಾಲ್ಕು ಉದಾಹರಣೆ ಬೇಕು.