ಕಡಲ ನಡುವಣ ಕಛೇರಿ

ನಮ್ಮ ಹಿರಿಯರ ಕಾಲದಲ್ಲಿ ಊರು ಬಿಟ್ಟವನು ಕೆಲಸವನ್ನೂ ಬಿಟ್ಟೇ ಹೊರಡುತ್ತಿದ್ದನು. ರಜೆ ಮಂಜೂರಾದ ಮೇಲೆ ಹಾಸಿಗೆ ಸುತ್ತುವುದು, ರಜೆ ತೀರುವ ಹೊತ್ತಿಗೆ ಮನೆಯ ಬೀಗ ತೆಗೆಯುವುದು, ಇದು ಗೃಹಸ್ಥರೆಲ್ಲರ ಕ್ರಮವಾಗಿದ್ದಿತು. ನಡುವೆ ಕಛೇರಿಯವರು ಕರೆಯಬೇಕಾದರೆ ತಂತಿ ಕಳುಹಿಸಬೇಕಾಗಿತ್ತು. ತಂತಿ ಬಂದಿತೆಂದರೆ ಮನೆಮಂದಿಯೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದರು. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಂದಿನಿಂದ ಈ ಕ್ರಮವು ಕದಲಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯವರು ಕಂಪೆನಿಗಳ ಮೇಲಿದ್ದ ಕಟ್ಟಳೆಗಳನ್ನು ಸಡಿಲಿಸಿ, ಮನೆಯಿಂದಲೇ ಏಕೆ, ದೇಶದ ಯಾವ ಎಡೆಯಿಂದಾದರೂ ಕೆಲಸ ನಡೆಯುವುದಕ್ಕೆ ದಾರಿ ಮಾಡಿಕೊಟ್ಟರು. ಜೆ.ಪಿ. ನಗರದ ಅನೇಕ ಮನೆಗಳಲ್ಲಿ ಇಂದು ಕೆಳಗೆ ಅಡಿಗೆಯ ಒಗ್ಗರಣೆಯೂ ಮೇಲೆ ಅಮೆರಿಕದವರೊಡನೆ ಸಂಭಾಷಣೆಯೂ ಒಂದೇ ಕಾಲದಲ್ಲಿ ನಡೆಯುತ್ತಿರುವುದನ್ನು ವಾಚಕರು ಬಲ್ಲರು.

ಹೀಗಿರಲು, ಮನೆಯ ಮಹಡಿಯಿಂದ ಆಗುವ ಕೆಲಸವು ಕಡಲ ನಡುವಣ ದ್ವೀಪದಿಂದ ಏಕೆ ಆಗಬಾರದೆಂದು ಕೇಳುವವರು ಹುಟ್ಟಿಕೊಂಡಿರುವುದು ಆಶ್ಚರ್ಯವಲ್ಲ. ಎರಡು ದಿನದ ರಜೆ ಹಾಕಿ, ಒಂಬತ್ತು ದಿನ ಅಂಡಮಾನಿನಲ್ಲಿ ಇದ್ದು, ಉಳಿದ ದಿನಗಳಲ್ಲಿ ಅಲ್ಲಿಂದಲೇ ಕಛೇರಿಯ ಕೆಲಸ ನಡೆಸಿಕೊಂಡು ಬರುವ ಯೋಚನೆಯು ಅನೇಕ ಕುಟುಂಬಗಳಲ್ಲಿ ನಡೆದಿದೆ. ಇದು ಸಾಧ್ಯವೇ, ಸಾಧ್ಯವಾದರೆ ಉಚಿತವೇ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಸಾಧ್ಯಾಸಾಧ್ಯದ ಮಾತು. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ (೨೦೨೪ರ ಸೆಪ್ಟೆಂಬರಿನಿಂದ ಇದರ ಹೆಸರು ಶ್ರೀ ವಿಜಯಪುರಂ) ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ನೆರೆದ ವಾಹನಗಳ ನಡುವೆ ಜೆ.ಪಿ. ನಗರದಿಂದ ದೇವನಹಳ್ಳಿಯ ನಿಲ್ದಾಣವನ್ನು ಮುಟ್ಟುವುದಕ್ಕೂ ಕೆಲವು ದಿನ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಹಿಡಿಯುವುದೆಂಬುದು ಬೇರೆ ಮಾತು. ಹಿಂದೆ ಈ ದ್ವೀಪಗಳಿಗೆ ಉಪಗ್ರಹದ ಮೂಲಕವೇ ಇಂಟರ್‌ನೆಟ್ ಬರಬೇಕಾಗಿತ್ತು. ಅದು ದುಬಾರಿಯೂ ನಿಧಾನವೂ ಆಗಿದ್ದಿತು. ೨೦೨೦ರ ಆಗಸ್ಟ್ ೧೦ರಂದು ಚೆನ್ನೈಯಿಂದ ಅಂಡಮಾನಿಗೆ ಕಡಲ ತಳದಲ್ಲಿ ಹಾಸಿದ ಸುಮಾರು ೨,೩೦೦ ಕಿಲೋಮೀಟರ್ ಉದ್ದದ ತಂತಿಯು ಆರಂಭವಾದ ಮೇಲೆ ಈ ಕೊರತೆಯು ಬಹುಮಟ್ಟಿಗೆ ನೀಗಿತು. ಪೋರ್ಟ್ ಬ್ಲೇರಿಗಲ್ಲದೆ, ಹ್ಯಾವ್‌ಲಾಕ್ ಎಂದು ಹೆಸರಾಗಿದ್ದು ೨೦೧೮ರಲ್ಲಿ ಸ್ವರಾಜ್ ದ್ವೀಪವೆಂಬ ಹೆಸರು ಪಡೆದ ದ್ವೀಪಕ್ಕೂ ಈ ತಂತಿ ಮುಟ್ಟಿದೆ. ಆದುದರಿಂದ ಕೆಲಸವು ಸಾಧ್ಯವೇ ಸರಿ. ಆದರೂ ತಂತಿ ದ್ವೀಪಕ್ಕೆ ಬಂದಮಾತ್ರಕ್ಕೆ ನಾವು ಇಳಿದುಕೊಳ್ಳುವ ಕೋಣೆಗೂ ಬಂದಿದೆಯೆಂದು ನಂಬಬಾರದು. ವಸತಿಗೃಹದವರನ್ನು ಮುಂಚಿತವಾಗಿಯೇ ವಿಚಾರಿಸಿ, ಕೋಣೆಯೊಳಗೆ ವೇಗವನ್ನು ಅಳೆದು ತಿಳಿಸುವಂತೆ ಕೇಳಿಕೊಳ್ಳತಕ್ಕದ್ದು. ಮುಖ ನೋಡಿ ಮಾತನಾಡುವ ಒಂದು ಸಭೆಗೆ ಸೆಕೆಂಡಿಗೆ ೪ ಮೆಗಾಬಿಟ್ಟಿನಷ್ಟು ಇದ್ದರೆ ಸಾಕು. ಆದರೆ ಅದು ಹೋಗುವ ದಿಕ್ಕಿನಲ್ಲಿಯೂ ಬರುವ ದಿಕ್ಕಿನಲ್ಲಿಯೂ ಎಡೆಬಿಡದೆ ಇರಬೇಕು. ವಿದ್ಯುತ್ತು ಹೋದರೆ ಬದಲಿ ಏರ್ಪಾಡು ಉಂಟೇ ಎಂಬುದನ್ನೂ ಕೇಳಬೇಕು.

ಇನ್ನು ಬಹುಜನರ ಗಮನಕ್ಕೆ ಬಾರದ ಸಂಗತಿಯೊಂದುಂಟು; ಅದು ಸೂರ್ಯನದು. ದೇಶಕ್ಕೆಲ್ಲ ಗಡಿಯಾರವು ಒಂದೇ, ಆದರೆ ಸೂರ್ಯನು ಆ ಗಡಿಯಾರವನ್ನು ನೋಡಿ ಹುಟ್ಟುವವನಲ್ಲ. ಪೋರ್ಟ್ ಬ್ಲೇರು ಬೆಂಗಳೂರಿಗಿಂತ ಸುಮಾರು ೧೫ ರೇಖಾಂಶಗಳಷ್ಟು ಪೂರ್ವಕ್ಕಿದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿಯ ಹಗಲು ನಮ್ಮದಕ್ಕಿಂತ ಒಂದು ಗಂಟೆ ಮುಂದು. ಡಿಸೆಂಬರ್ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯೋದಯವು ಆರೂವರೆಯ ಸುಮಾರಿಗೆ, ಸೂರ್ಯಾಸ್ತವು ಆರು ಗಂಟೆಯ ಸುಮಾರಿಗೆ ಆಗುವುದಷ್ಟೆ. ಅಂಡಮಾನಿನಲ್ಲಿ ಐದೂವರೆಗೇ ಬೆಳಗಾಗಿ, ಸಂಜೆ ಐದಕ್ಕೇ ಹೊತ್ತು ಮುಳುಗಿರುತ್ತದೆ. ಒಂಬತ್ತೂವರೆಯಿಂದ ಆರರವರೆಗೆ ಕಛೇರಿಗೆ ಕಟ್ಟುಬಿದ್ದವನು ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕತ್ತಲೆಯಲ್ಲದೆ ಬೇರೇನೂ ಕಾಣದು. ಸ್ವರಾಜ್ ದ್ವೀಪದ ರಾಧಾನಗರದ ಕಡಲತೀರವು ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿಯ ಸೂರ್ಯಾಸ್ತವನ್ನು ನೋಡುವುದಕ್ಕೆಂದೇ ಜನರು ಹೋಗುವರು. ನಮ್ಮ ಉದ್ಯೋಗಿಗೆ ಕೆಲಸದ ದಿನಗಳಲ್ಲಿ ಅದು ದೊರೆಯುವುದೇ ಇಲ್ಲ.

ಹಾಗೆಂದು ನಿರಾಶರಾಗಬೇಕಾದುದಿಲ್ಲ. ಸಂಜೆಯಲ್ಲಿ ಕಳೆದುದು ಬೆಳಗಿನಲ್ಲಿ ದೊರೆಯುವುದು. ಐದೂವರೆಗೆ ಎದ್ದವನಿಗೆ ಕಛೇರಿಯ ಹೊತ್ತಿನವರೆಗೆ ನಾಲ್ಕು ಗಂಟೆಗಳ ಹಗಲು ಕೈಯಲ್ಲಿರುತ್ತದೆ. ಸ್ನಾನ ಉಪಾಹಾರಗಳಿಗೆ ಒಂದು ಗಂಟೆ ಕಳೆದರೂ ಮೂರು ಉಳಿಯುವುವು. ಅದೇ ದ್ವೀಪದ ಪೂರ್ವತೀರದಲ್ಲಿ ಕಾಲಾಪತ್ಥರ್ ಎಂಬ ಮರಳದಂಡೆಯುಂಟು; ಸೂರ್ಯೋದಯಕ್ಕೆ ಅದು ತಕ್ಕ ಸ್ಥಳ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡಿನ ಕೂಟದಲ್ಲಿ ಸವೆದುಹೋಗುತ್ತಿದ್ದ ಗಂಟೆಗಳನ್ನು ಅಲ್ಲಿ ಕಡಲ ಮುಂದೆ ಕಳೆಯಬಹುದು. ಅಮೆರಿಕದವರ ಹಗಲಿಗೆ ಸರಿಯಾಗಿ ರಾತ್ರಿಯಲ್ಲಿ ಕೆಲಸ ಮಾಡುವವರ ಸ್ಥಿತಿಯು ಬೇರೆ. ಅವರಿಗೆ ದ್ವೀಪದ ಹಗಲೆಲ್ಲವೂ ಬಿಡುವೇ. ಆದರೆ ರಾತ್ರಿ ಒಂದಕ್ಕೆ ಸಭೆ ಮುಗಿಸಿ, ಆರಕ್ಕೆ ದೋಣಿ ಹತ್ತುತ್ತೇವೆಂದು ಹೊರಟರೆ ಮೂರನೆಯ ದಿನಕ್ಕೆ ಶರೀರವು ಮಾತು ಕೇಳದು. ಅಂಥವರು ಬೆಳಗಿನ ಆಸೆಯನ್ನು ಬಿಟ್ಟು, ಹತ್ತರಿಂದ ನಾಲ್ಕರವರೆಗಿನ ಹೊತ್ತನ್ನು ಆರಿಸಿಕೊಳ್ಳುವುದೇ ಮೇಲು.

ಲಕ್ಷದ್ವೀಪದಲ್ಲಿ ಇದಕ್ಕೆ ವಿಪರೀತ. ಅದು ಬೆಂಗಳೂರಿಗೆ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಹೊತ್ತು ಮುಳುಗುವುದು ನಮಗಿಂತ ಇಪ್ಪತ್ತು ನಿಮಿಷದಷ್ಟು ತಡ. ಕೆಲಸ ಮುಗಿಸಿದ ಮೇಲೆಯೂ ಸ್ವಲ್ಪ ಬೆಳಕು ಉಳಿದಿರುತ್ತದೆ. ೨೦೨೪ರ ಜನವರಿಯಲ್ಲಿ ಕೊಚ್ಚಿಯಿಂದ ಅಲ್ಲಿಗೂ ಕಡಲ ತಳದ ತಂತಿ ಬಂದಿತು. ಆದರೆ ಆ ದ್ವೀಪಗಳನ್ನು ಪ್ರವೇಶಿಸುವುದಕ್ಕೆ ಮೊದಲೇ ಅನುಮತಿಪತ್ರವನ್ನು ಪಡೆಯಬೇಕೆಂಬುದನ್ನು ಮರೆಯಬಾರದು.

ಇಷ್ಟು ಅನುಕೂಲಗಳ ಮಾತಾಯಿತು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆಯೇ ಇದೆ. ಕೆಲಸವನ್ನೂ ನೋಟವನ್ನೂ ಒಂದು ಪ್ರವಾಸದಲ್ಲಿ ಸೇರಿಸಬಹುದು. ಒಂದು ಗಂಟೆಯಲ್ಲಿ ಮಾತ್ರ ಸೇರಿಸಕೂಡದು. ಕಡಲತೀರದಲ್ಲಿ ಛತ್ರಿಯ ಕೆಳಗೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿರುವವರ ಚಿತ್ರಗಳನ್ನು ವಾಚಕರು ನೋಡಿರಬಹುದು. ಆ ಬಿಸಿಲಿನಲ್ಲಿ ಪರದೆಯ ಮೇಲಿನ ಅಕ್ಷರವು ಕಾಣದು. ಉಪ್ಪುಗಾಳಿಯೂ ಮರಳೂ ಯಂತ್ರಕ್ಕೆ ಒಳ್ಳೆಯವಲ್ಲ. ಅದು ಹೋಗಲಿ. ಆ ಚಿತ್ರದಲ್ಲಿ ಕಾಣಿಸದೆ ಇರುವುದು ಮಗು.

ಸಮುದ್ರವು ನಮ್ಮ ಸಾರಕ್ಕಿ ಕೆರೆಯಲ್ಲ; ಅದಕ್ಕೆ ಬೇಲಿಯೂ ಇಲ್ಲ, ಕಾಲುದಾರಿಯೂ ಇಲ್ಲ. ಏಳು ವರ್ಷದ ಹುಡುಗಿಯೊಬ್ಬಳು ಮೊಳಕಾಲಿನ ನೀರಿನಲ್ಲಿ ಆಡುತ್ತಿರುವಳು ಎಂದಿಟ್ಟುಕೊಳ್ಳೋಣ. ತಾಯಿಯು ಕೋಣೆಯಲ್ಲಿ ತನ್ನ ಕಛೇರಿಯ ಸಭೆಯಲ್ಲಿರುವಳು. ಏಕೆಂದರೆ ಇಂದು ಇಬ್ಬರೂ ದುಡಿಯುವ ಮನೆಗಳೇ ಹೆಚ್ಚು. ತಂದೆಯು ದಂಡೆಯ ಮೇಲೆ ಕುಳಿತು, ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು, "ಒಂದು ನಿಮಿಷ ಪುಟ್ಟಿ, ಒಂದೇ ನಿಮಿಷ" ಎನ್ನುತ್ತಿರುವನು. ಕಣ್ಣು ಪರದೆಯ ಮೇಲಿರುವುದರಿಂದ ಅವನು ಕಾವಲುಗಾರನಲ್ಲ. ಮನಸ್ಸು ಅರ್ಧ ನೀರಿನ ಕಡೆಗಿರುವುದರಿಂದ ಕೆಲಸಗಾರನೂ ಅಲ್ಲ. ಅಲೆಯು ಒಂದು ನಿಮಿಷ ಕಾಯುವುದಿಲ್ಲ. ಅಂಡಮಾನಿನ ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳೂ ಉಂಟು. ಕೆಲವು ತೀರಗಳಲ್ಲಿ ಎಚ್ಚರಿಕೆಯ ಫಲಕಗಳನ್ನೇ ನಿಲ್ಲಿಸಿರುವರು. ಆದಕಾರಣ ನಿಯಮವೊಂದನ್ನು ಮನೆಯಲ್ಲಿಯೇ ಮಾಡಿಕೊಂಡು ಹೊರಡಬೇಕು: ನೀರಿನ ಬಳಿಗೆ ಹೋಗುವ ಹಿರಿಯನು ಫೋನನ್ನು ಕೋಣೆಯಲ್ಲಿ ಬಿಟ್ಟು ಹೋಗತಕ್ಕದ್ದು; ಬಿಡಲಾರದಿದ್ದರೆ ಮಕ್ಕಳನ್ನು ನೀರಿಗೆ ಇಳಿಸಕೂಡದು. ಇದರಲ್ಲಿ ಸಡಿಲವಿರಬಾರದು. ಗಂಡಹೆಂಡಿರಿಬ್ಬರಿಗೂ ಸಭೆಗಳಿದ್ದರೆ, ಯಾರ ಸಭೆ ಯಾವ ಗಂಟೆಗೆಂಬುದನ್ನು ಹಿಂದಿನ ರಾತ್ರಿಯೇ ಬರೆದಿಟ್ಟು, ಸರದಿಯಂತೆ ಒಬ್ಬರು ಪೂರ್ತಿಯಾಗಿ ಮಕ್ಕಳ ವಶದಲ್ಲಿರಬೇಕು. ಈ ಭಾರವನ್ನು ಮಾತಿಲ್ಲದೆ ತಾಯಿಯ ಮೇಲೆಯೇ ಬಿಡುವ ವಾಡಿಕೆಯು ದ್ವೀಪಕ್ಕೂ ಹಿಂಬಾಲಿಸಿ ಬರಬಾರದು.

ಗಂಟೆಗಳಲ್ಲಿ ಹಂಚಲಾಗದ ನೋಟಗಳೂ ಕೆಲವುಂಟು. ಅವುಗಳಿಗೆ ರಜೆಯ ದಿನವನ್ನೇ ಮೀಸಲಿಡಬೇಕು. ಅಂಥವುಗಳಲ್ಲಿ ಮೊದಲನೆಯದು ಪೋರ್ಟ್ ಬ್ಲೇರಿನ ಸೆಲ್ಯುಲರ್ ಸೆರೆಮನೆ. ೧೮೯೬ರಲ್ಲಿ ಆರಂಭಿಸಿ ೧೯೦೬ರಲ್ಲಿ ಮುಗಿಸಿದ ಈ ಕಟ್ಟಡಕ್ಕೆ ನಡುವಣ ಗೋಪುರದಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳಿದ್ದುವು. ಇಂದು ಮೂರು ಉಳಿದಿವೆ. ಒಬ್ಬ ಕೈದಿಯು ಮತ್ತೊಬ್ಬನ ಮುಖವನ್ನು ನೋಡಬಾರದೆಂದು, ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದರು. ಎಣ್ಣೆಯ ಗಾಣವನ್ನು ತಿರುಗಿಸುವುದು, ತೆಂಗಿನ ನಾರನ್ನು ಬಡಿಯುವುದು ಅಲ್ಲಿಯ ದುಡಿಮೆಯಾಗಿದ್ದಿತು. ೧೯೭೯ರ ಫೆಬ್ರವರಿಯಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಕರಿನೀರಿನ ಶಿಕ್ಷೆಯ ಕಥೆಗಳನ್ನು ಬಾಲ್ಯದಲ್ಲಿ ಕೇಳಿ ಬೆಳೆದ ಅಜ್ಜನವರು ಈ ಕೋಣೆಗಳ ಮುಂದೆ ಸುಮ್ಮನೆ ನಿಂತಾಗ, ಪಕ್ಕದಲ್ಲಿ ಮಗನು ಲೆಕ್ಕಪತ್ರದ ವಿಷಯವಾಗಿ ಫೋನಿನಲ್ಲಿ ಮಾತನಾಡುತ್ತಿದ್ದರೆ ಹೇಗಾದೀತು! ಅದಕ್ಕಿಂತ ಆ ದಿನ ಹೋಗದಿರುವುದೇ ಮೇಲು.

ಎರಡನೆಯದು ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳ ದಾರಿ. ಇದು ಜಾರವಾ ಜನರ ಮೀಸಲು ಕಾಡಿನ ಮೂಲಕ ಹೋಗುವುದರಿಂದ ವಾಹನಗಳನ್ನು ಗೊತ್ತಾದ ಹೊತ್ತಿಗೆ ಒಟ್ಟಾಗಿ, ಕಾವಲಿನೊಡನೆ ಬಿಡುವರು. ನಡುವೆ ನಿಲ್ಲುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಆ ಜನರು ನೋಟದ ವಸ್ತುಗಳಲ್ಲವೆಂಬುದನ್ನು ಮಕ್ಕಳಿಗೂ ತಿಳಿಸಬೇಕು. ಬೆಳಗ್ಗೆ ಹೊರಟರೆ ಮರಳುವುದು ಸಂಜೆಗೆ. ಫೋನಿನ ಸಂಪರ್ಕವನ್ನು ನೆಚ್ಚುವಂತಿಲ್ಲ. ಮಧ್ಯಾಹ್ನ ಸಭೆಯಿಟ್ಟುಕೊಂಡು ಹೋಗತಕ್ಕ ದಾರಿ ಇದಲ್ಲ. ಮೂರನೆಯದು ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು. ಕಡಲು ಉಕ್ಕಿದರೆ ಹಡಗು ಹೊರಡದು. ಆದುದರಿಂದ ಊರಿಗೆ ಹಿಂದಿರುಗುವ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರಿಗೆ ಬಂದು ಸೇರಿರಬೇಕು.

ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಂಬತ್ತು ದಿನಗಳ ಕ್ರಮವು ಹೀಗಾಗಬಹುದು. ಶನಿವಾರ ಹೋಗಿ ಇಳಿಯುವುದು, ಭಾನುವಾರ ಸೆರೆಮನೆ. ಸೋಮವಾರದಿಂದ ಬುಧವಾರದವರೆಗೆ ಪೋರ್ಟ್ ಬ್ಲೇರಿನಿಂದಲೇ ಕೆಲಸ; ಬೆಳಗಿನ ಹೊತ್ತು ಸಮೀಪದ ಕಾರ್ಬಿನ್ಸ್ ಕೋವ್ ತೀರ. ೧೮೮೩ರಲ್ಲಿ ಸ್ಥಾಪಿತವಾದ ಚಾಥಮ್ಮಿನ ಮರ ಕೊಯ್ಯುವ ಕಾರ್ಖಾನೆಯೂ ಹತ್ತಿರದಲ್ಲಿಯೇ ಇದೆ. ಅದರ ಬಾಗಿಲು ತೆರೆಯುವ ಹೊತ್ತನ್ನು ವಿಚಾರಿಸಿಕೊಂಡು ಹೋಗಬೇಕು. ಗುರುವಾರ, ಶುಕ್ರವಾರ ರಜೆ ಹಾಕಿ ಸ್ವರಾಜ್ ದ್ವೀಪಕ್ಕೆ ಹೋಗಿ, ರಾಧಾನಗರದ ಸೂರ್ಯಾಸ್ತವನ್ನು ನಿಶ್ಚಿಂತೆಯಿಂದ ನೋಡುವುದು. ಶನಿವಾರ ಪೋರ್ಟ್ ಬ್ಲೇರಿಗೆ, ಭಾನುವಾರ ಬೆಂಗಳೂರಿಗೆ. ಈ ಲೆಕ್ಕದಲ್ಲಿ ಬಾರಾಟಾಂಗಿಗೆ ಎಡೆಯಿಲ್ಲ. ಅದು ಬೇಕೆಂಬವರು ಮತ್ತೊಂದು ದಿನ ರಜೆ ಪಡೆಯಲಿ. ಇಲ್ಲದಿದ್ದರೆ ಇನ್ನೊಮ್ಮೆಗೆ ಬಿಡಲಿ.

ಕಛೇರಿಯ ವಿಷಯದಲ್ಲಿ ಒಂದು ಮಾತು. ಹಿಂದುಗಡೆ ಮನೆಯ ಗೋಡೆಯ ಚಿತ್ರವನ್ನು ಹಾಕಿಕೊಂಡು, ಜೆ.ಪಿ. ನಗರದಲ್ಲಿಯೇ ಇರುವಂತೆ ನಟಿಸುವವರುಂಟೆಂದು ಕೇಳಿದ್ದೇವೆ. ಇದು ಸರ್ವಥಾ ಕೂಡದು. ಸಂಪರ್ಕವು ಕಡಿದ ದಿನ ಸುಳ್ಳು ತಾನಾಗಿ ಹೊರಬೀಳುವುದು; ಆಮೇಲೆ ನಿಜವಾದ ಕಾಯಿಲೆಗೆ ಬೇಡಿದ ರಜೆಯನ್ನೂ ಮೇಲಧಿಕಾರಿಗಳು ಸಂಶಯದಿಂದಲೇ ನೋಡುವರು. ಮೊದಲೇ ತಿಳಿಸಿ ಒಪ್ಪಿಗೆ ಪಡೆದು, ಬದಲಿಗೊಬ್ಬರನ್ನು ಗೊತ್ತುಮಾಡಿ ಹೊರಟವನಿಗೆ ಈ ಅಂಜಿಕೆಯಿಲ್ಲ. ಹೊರದೇಶದ ದ್ವೀಪಗಳಿಗೆ ಹೋಗುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಪ್ರವಾಸದ ವೀಸಾದ ಮೇಲೆ ಹೋಗಿ ಕೆಲಸ ಮಾಡುವುದಕ್ಕೆ ಎಲ್ಲ ದೇಶಗಳೂ ಒಪ್ಪವು. ಮಾರಿಷಸ್ಸಿನವರು ೨೦೨೦ರಲ್ಲಿ ಇಂಥವರಿಗಾಗಿಯೇ ಬೇರೆ ವೀಸಾ ಏರ್ಪಡಿಸಿದುದನ್ನು ಇಲ್ಲಿ ನೆನೆಯಬಹುದು.

"ಇಷ್ಟೊಂದು ಕಟ್ಟುಪಾಡೇಕೆ? ಪೂರ್ತಿ ರಜೆಯನ್ನೇ ಹಾಕಿ ಹೋಗಬಾರದೇ?" ಎಂದು ಕೆಲವರು ಆಕ್ಷೇಪಿಸಬಹುದು. ರಜೆ ದೊರೆಯುವವರಿಗೆ ಅದೇ ಉತ್ತಮವೆಂದು ನಾವೂ ಒಪ್ಪುತ್ತೇವೆ. ಆದರೆ ವರ್ಷದ ರಜೆಯೆಲ್ಲ ಮಕ್ಕಳ ಜ್ವರ, ಊರಿನ ಮದುವೆ, ತಂದೆತಾಯಿಗಳ ಆಸ್ಪತ್ರೆಯೆಂದು ಖರ್ಚಾಗಿ, ಕೈಯಲ್ಲಿ ಎರಡೇ ದಿನ ಉಳಿದಿರುವ ಮನೆಗಳು ಎಷ್ಟಿಲ್ಲ! ಅಂಥವರು ಕಡಲನ್ನೇ ನೋಡಬಾರದೆಂದು ನಾವು ಹೇಳಲಾರೆವು. ಈ ಏರ್ಪಾಡು ಅವರಿಗೆ ಒಪ್ಪುವುದು. ಮೊದಲು ಸಮೀಪದಲ್ಲಿಯೇ ಪರೀಕ್ಷಿಸಿ ನೋಡುವುದೂ ಒಳ್ಳೆಯದು. ಉಡುಪಿಯಲ್ಲಿ ನಾಲ್ಕು ದಿನವಿದ್ದು ಕೆಲಸ ನಡೆಸಿ, ಭಾನುವಾರ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಿಬರಬಹುದು. ಕಂಬಗಳಂತೆ ನಿಂತಿರುವ ಅಲ್ಲಿಯ ಬಂಡೆಗಳು ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನಾಡಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಕರಗಿದ ಶಿಲೆಯು ಆರಿ ಆದುವು. ಮಳೆಗಾಲದಲ್ಲಿ ಆ ದೋಣಿಗಳು ನಡೆಯುವುದಿಲ್ಲ. ಈ ನಾಲ್ಕು ದಿನ ಮನೆಯವರ ಮುಖ ಬಾಡದೆ, ಕಛೇರಿಯ ಕೆಲಸ ಕೆಡದೆ ಕಳೆದರೆ, ಅಂಡಮಾನಿನ ಯೋಚನೆಯನ್ನು ಮಾಡಬಹುದು.

ಕೊನೆಗೆ, ಟಿಕೆಟ್ಟು ಕೊಳ್ಳುವ ಮೊದಲು ಒಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು, ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಕಛೇರಿಯ ಗಂಟೆಗಳನ್ನು ಒಂದು ಬಣ್ಣದಲ್ಲಿಯೂ ಮನೆಯವರ ಗಂಟೆಗಳನ್ನು ಇನ್ನೊಂದು ಬಣ್ಣದಲ್ಲಿಯೂ ಗುರುತು ಮಾಡಲಿ. ಮಕ್ಕಳ ಕೈಯಿಂದಲೇ ಬಣ್ಣ ಹಾಕಿಸುವುದು ಮೇಲು. ಅಪ್ಪನು ಯಾವಾಗ ಕರೆದರೂ ಬರಲಾರನು, ಯಾವಾಗ ಕರೆಯದೆಯೇ ಬರುವನು ಎಂಬುದು ಅವರಿಗೂ ಮೊದಲೇ ಗೊತ್ತಿರಬೇಕು. ಆ ಹಾಳೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಡಲಿ.