ರಸವೋ ರಸಾಭಾಸವೋ? ಪುರುಷರಿಬ್ಬರ ಪ್ರಣಯಕಥೆಗಳನ್ನು ಕುರಿತ ಒಂದು ವಿಚಾರ

ಸ್ಕಾಟ್ಲೆಂಡು ದೇಶದ ಗ್ಲಾಸ್ಗೋ ನಗರದಲ್ಲಿ, ಸಂಬಳಕ್ಕಾಗಿಯಲ್ಲದೆ ಆಟದ ಮೇಲಣ ಪ್ರೀತಿಯೊಂದರಿಂದಲೇ ಫುಟ್‌ಬಾಲ್ ಆಡುವ ತಂಡವೊಂದನ್ನು ಕಲ್ಪಿಸಿಕೊಂಡು, ಅದರ ತರುಣರಿಗೆ ಪುರುಷರಲ್ಲಿಯೇ ಹುಟ್ಟುವ ಪ್ರಣಯವನ್ನು ವರ್ಣಿಸುವ ಕಾದಂಬರಿಗಳ ಮಾಲೆಯೊಂದು ಇಂಗ್ಲಿಷಿನಲ್ಲಿ ಉಂಟು. ಏವರಿ ಕೋಬರ್ನ್ ಎಂಬ ಹೆಸರಿನಿಂದ ಪ್ರಕಟವಾಗಿರುವ ಈ ಮಾಲೆಗೆ 'ಗ್ಲಾಸ್ಗೋ ಲ್ಯಾಡ್ಸ್' ಎಂದು ಹೆಸರು. ಪುಸ್ತಕವು ಹಡಗಿನಲ್ಲಿ ಬರಬೇಕಾಗಿದ್ದ ಕಾಲವು ಕಳೆದುಹೋಯಿತು. ಚನ್ನಗಿರಿಯ ಅಡಿಕೆತೋಟದ ಮನೆಯಲ್ಲಿಯೂ, ಜಗಳೂರಿನ ಮೆಕ್ಕೆಜೋಳದ ಹೊಲದ ಬದುವಿನ ಮೇಲೆಯೂ ಕುಳಿತು ಇಂಥದನ್ನು ಕೈಯಲ್ಲಿರುವ ಫೋನಿನಲ್ಲಿಯೇ ಓದಬಹುದಾಗಿದೆ.

ಇಂಥ ಗ್ರಂಥಗಳ ಸುದ್ದಿಯು ಕಿವಿಗೆ ಬಿದ್ದೊಡನೆ ವಿದ್ಯಾವಂತರ ಮನೆಗಳಲ್ಲಿ ಮೂರು ಮಾತುಗಳು ಹೊರಡುವುದುಂಟು. ಇದು ಪರದೇಶದ ಜಾಡ್ಯವೆಂಬುದು ಒಂದು. ಇದರಲ್ಲಿರುವುದು ಶೃಂಗಾರರಸವಲ್ಲ, ರಸಾಭಾಸವೆಂಬುದು ಎರಡನೆಯದು. ಹುಡುಗರ ಕೈಗೆ ಸಿಕ್ಕಿದರೆ ಕೆಟ್ಟುಹೋದಾರೆಂಬುದು ಮೂರನೆಯದು. ಈ ಮೂರನ್ನೂ ಪೂರ್ವಪಕ್ಷವಾಗಿಟ್ಟುಕೊಂಡು ವಿಚಾರಮಾಡುವುದು ಯುಕ್ತವಾಗಿದೆ. ಏಕೆಂದರೆ ಸ್ಕಾಟ್ಲೆಂಡಿನ ಕಾದಂಬರಿಯು ಇಲ್ಲಿ ನಿಮಿತ್ತಮಾತ್ರವು. ಅಂಥ ಕಥೆಯು ಕನ್ನಡದಲ್ಲಿ ಇರತಕ್ಕದ್ದೋ ಅಲ್ಲವೋ ಎಂಬುದೇ ನಿಜವಾದ ಪ್ರಶ್ನೆಯು.

ಮೊದಲನೆಯ ಆಕ್ಷೇಪವನ್ನು ನೋಡೋಣ. ಪರದೇಶದ್ದೆನ್ನುವವರು ವಾತ್ಸ್ಯಾಯನನನ್ನು ಓದಿಲ್ಲವೆನ್ನಬೇಕು. ಪರಸ್ಪರ ಹಿತವನ್ನು ಬಯಸುವ, ವಿಶ್ವಾಸವು ಬೇರೂರಿದ ನಾಗರಿಕ ಪುರುಷರು ತಮ್ಮತಮ್ಮಲ್ಲಿ ಸಂಬಂಧವಿಟ್ಟುಕೊಳ್ಳುವುದುಂಟೆಂದು ಕಾಮಸೂತ್ರದ ಎರಡನೆಯ ಅಧಿಕರಣವು ಹೇಳುತ್ತದೆ. ಸ್ಮೃತಿಕಾರರು ಇದನ್ನು ಮೆಚ್ಚಿಕೊಂಡರೆಂದಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದನ್ನು ಜಾತಿಭ್ರಂಶಕರವೆಂದು ಎಣಿಸಿದ ಸ್ಥಳವೊಂದಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ಅಧ್ಯಾಯದಲ್ಲಿಯೇ ಒಂದೆಡೆ ಇದಕ್ಕೆ ಉಟ್ಟ ಬಟ್ಟೆಯಲ್ಲಿ ಸ್ನಾನಮಾಡುವ ಪ್ರಾಯಶ್ಚಿತ್ತವನ್ನು ವಿಧಿಸಿದೆ. ಹಗಲಿನಲ್ಲಿ ಸ್ತ್ರೀಸಂಗಮಾಡಿದವನಿಗೂ ಅಲ್ಲಿ ಅದೇ ಸ್ನಾನವನ್ನೇ ಹೇಳಿದೆ. ನಿಂದೆಯಾಗಲಿ ಪ್ರಾಯಶ್ಚಿತ್ತವಾಗಲಿ ಇಲ್ಲದ ವಸ್ತುವಿಗೆ ಬರುವುದಿಲ್ಲ. ಆದುದರಿಂದ ವಸ್ತುವು ಈ ನೆಲದಲ್ಲಿ ಇತ್ತೆಂಬುದು ನಿರ್ವಿವಾದವು.

ಹಾಗಾದರೆ ಪರದೇಶದಿಂದ ಬಂದುದು ಯಾವುದು? ಸೆರೆಮನೆಯು. ಮೆಕಾಲೆಯ ಮುಂದಾಳುತನದಲ್ಲಿ ೧೮೩೭ರಲ್ಲಿ ಕರಡಾಗಿ, ೧೮೬೦ರಲ್ಲಿ ಶಾಸನವಾದ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮು ಇದಕ್ಕೆ ಆಜೀವ ಶಿಕ್ಷೆಯವರೆಗೂ ದಂಡವನ್ನು ವಿಧಿಸಿತು. ಆ ಮೆಕಾಲೆಯ ತಂದೆಯು ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಸ್ನಾನದಿಂದ ಕಳೆಯುವುದೆಂದು ಒಬ್ಬರು ಹೇಳಿದ್ದಕ್ಕೆ ಜೀವಾವಧಿ ಸೆರೆಯನ್ನು ಇನ್ನೊಬ್ಬರು ಕೊಟ್ಟರು. ಕೊಟ್ಟವರ ಮಾತನ್ನೇ ಇಂದು ಕೆಲವರು ಸನಾತನವೆಂದು ಎತ್ತಿಹಿಡಿಯುತ್ತಾರೆ! ದೆಹಲಿಯ ಉಚ್ಚ ನ್ಯಾಯಾಲಯವು ೨೦೦೯ರಲ್ಲಿ ಸಡಿಲಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಮರಳಿ ಬಿಗಿದು, ೨೦೧೮ನೆಯ ಸೆಪ್ಟೆಂಬರ್ ೬ರಂದು ತಾನೇ ಬಿಚ್ಚಿತು. ಒಪ್ಪಿಗೆಯುಳ್ಳ ವಯಸ್ಕರ ನಡುವಣ ಪ್ರೇಮವು ಅಂದಿನಿಂದ ಅಪರಾಧವಲ್ಲ.

ಸ್ಕಾಟ್ಲೆಂಡಾದರೂ ಇದನ್ನು ಹುಟ್ಟುಗುಣವಾಗಿ ಪಡೆದ ದೇಶವಲ್ಲ. ಇಂಗ್ಲೆಂಡು ೧೯೬೭ರಲ್ಲಿ ಶಿಕ್ಷೆಯನ್ನು ತೆಗೆದಾಗಲೂ ಅದು ಒಪ್ಪದೆ, ೧೯೮೦ರ ಶಾಸನದವರೆಗೆ ಕಾದಿತು. ಆಟದ ಬಯಲು ಇನ್ನೂ ತಡಮಾಡಿತು. ಸ್ಕಾಟ್ಲೆಂಡಿನ ತಂಡಗಳಲ್ಲಿಯೂ ಆಡಿದ್ದ ಇಂಗ್ಲೆಂಡಿನ ಜಸ್ಟಿನ್ ಫಶಾನು ತನ್ನ ಸ್ವಭಾವವನ್ನು ೧೯೯೦ರಲ್ಲಿ ಬಹಿರಂಗವಾಗಿ ಹೇಳಿ, ಬಹಳ ನಿಂದೆಯನ್ನುಂಡು, ೧೯೯೮ರಲ್ಲಿ ದುರ್ಮರಣವನ್ನು ಹೊಂದಿದನು. ಗಾಲಾ ಫೇರಿಡೀನ್ ರೋವರ್ಸ್ ತಂಡದ ಜ್ಯಾಂಡರ್ ಮರ್ರೆ ಎಂಬ ಸ್ಕಾಟ್ ಆಟಗಾರನು ಅದೇ ಮಾತನ್ನು ಧೈರ್ಯವಾಗಿ ಆಡಿ, ಜೊತೆಗಾರರ ಮನ್ನಣೆಯನ್ನು ಪಡೆದದ್ದು ೨೦೨೨ರಲ್ಲಿ. ಗ್ಲಾಸ್ಗೋ ತಂಡದ ಕಾದಂಬರಿಗಳು ಅದಕ್ಕೂ ಮುಂಚಿನವು. ಬಯಲು ಕೊಡಲಾರದ ಸ್ಥಳವನ್ನು ಕಥೆಯು ಮೊದಲು ಕೊಟ್ಟಿತು. ಕಥೆಗಾರರ ಕೆಲಸವೆಂದರೆ ಇದೇ ಅಲ್ಲವೆ?

ಇನ್ನು ಎರಡನೆಯ ಆಕ್ಷೇಪವು. ಪಂಡಿತರಿಂದ ಬರುವುದರಿಂದ ಇದು ಹೆಚ್ಚು ತೂಕವುಳ್ಳದ್ದು. ಅನೌಚಿತ್ಯದಿಂದ ಪ್ರವರ್ತಿಸಿದ ರತಿಯು ಶೃಂಗಾರಾಭಾಸವೆಂಬುದು ಆಲಂಕಾರಿಕರ ಮತ. ಆದರೆ ಸಾಹಿತ್ಯದರ್ಪಣದಲ್ಲಿ ವಿಶ್ವನಾಥನು ಕೊಟ್ಟಿರುವ ಪಟ್ಟಿಯನ್ನು ತೆರೆದು ನೋಡತಕ್ಕದ್ದು. ಉಪನಾಯಕನಲ್ಲಿ ಹುಟ್ಟುವ ರತಿ, ಗುರುಪತ್ನಿಯಲ್ಲಿಡುವ ರತಿ, ಅನೇಕ ನಾಯಕರಲ್ಲಿ ಹಂಚಿದ ರತಿ, ಇಬ್ಬರಲ್ಲಿಯೂ ಸಮನಾಗಿಲ್ಲದ ರತಿ, ಪ್ರತಿನಾಯಕನ ರತಿ, ಅಧಮಪಾತ್ರಗಳ ಮತ್ತು ತಿರ್ಯಗ್ಜಂತುಗಳೇ ಮೊದಲಾದುವುಗಳ ರತಿ: ಇಷ್ಟನ್ನು ಅವನು ಎಣಿಸುತ್ತಾನೆ. ಪುರುಷರಿಬ್ಬರ ಪ್ರೇಮವು ಇದರಲ್ಲಿ ಹೆಸರಿಟ್ಟು ಬಂದಿಲ್ಲ. ಕೊನೆಯ 'ಆದಿ' ಶಬ್ದದಲ್ಲಿ ಅದನ್ನು ಸೇರಿಸಿಕೊಳ್ಳಬಹುದೆಂದು ಪೂರ್ವಪಕ್ಷಿಯು ವಾದಿಸಿಯಾನು. ಸೇರಿಸಲಿ, ಆದರೂ ಅವನ ಪಕ್ಷವು ನಿಲ್ಲುವುದಿಲ್ಲ. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಅಕಾಲವಸಂತವು ಬಂದಾಗ ದುಂಬಿಯೂ ಜಿಂಕೆಯೂ ಆನೆಯೂ ತಮ್ಮತಮ್ಮ ಸಂಗಾತಿಗಳನ್ನು ಲಾಲಿಸುವ ಶ್ಲೋಕಗಳು ಆಭಾಸಕ್ಕೆ ಉದಾಹರಣೆಗಳು. ಪಾಠಶಾಲೆಗಳಲ್ಲಿ ಅವನ್ನು ಬಿಟ್ಟು ಪಾಠಹೇಳಿದ ಪಂಡಿತನುಂಟೆ? ಆಭಾಸವೂ ಆಸ್ವಾದ್ಯವೆಂದು ಒಪ್ಪಿದ ಶಾಸ್ತ್ರವನ್ನು ಹಿಡಿದು, ಮನುಷ್ಯರಿಬ್ಬರ ಕಥೆಯನ್ನು ಕಪಾಟಿನಿಂದ ಹೊರಗಿಡುವುದು ಶಾಸ್ತ್ರಸಮ್ಮತವಾಗದು.

ಅದಕ್ಕಿಂತ ಮುಖ್ಯವಾದುದು ಆ ಪಟ್ಟಿಯ ಹೃದಯವು. ರಾವಣನು ಸೀತೆಯನ್ನು ಬಯಸಿದ್ದು ಆಭಾಸವಾದುದೇಕೆ? ಆಕೆಯು ಅವನನ್ನು ಬಯಸಲಿಲ್ಲವಾದುದರಿಂದ. ಉಭಯರಲ್ಲಿಯೂ ಸಮನಾಗಿ ನೆಲೆನಿಂತಿರಬೇಕೆಂಬುದು ರತಿಯ ಮೊದಲನೆಯ ಲಕ್ಷಣವು. ಈ ಒರೆಗಲ್ಲಿಗೆ ಉಜ್ಜಿದರೆ, ಒಲ್ಲದ ಕನ್ಯೆಯನ್ನು ಬೆನ್ನಟ್ಟಿ ಹಾಡುತ್ತ ಒಲಿಸಿಕೊಳ್ಳುವ ಎಷ್ಟೋ ಚಲಚ್ಚಿತ್ರಗಳು ಆಭಾಸವೆನಿಸಿ, ಒಪ್ಪಿ ಒಲಿದ ತರುಣರಿಬ್ಬರ ಕಥೆಯು ರಸವೆನಿಸೀತು. ಮೊದಲನೆಯದನ್ನು ಹಬ್ಬದ ದಿನ ಮಕ್ಕಳುಮರಿಗಳೊಡನೆ ಕುಳಿತು ನೋಡುವ ಮನೆಯವರೇ ಎರಡನೆಯದರ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವುದು ವಿಚಿತ್ರವು.

ಆ ಇಂಗ್ಲಿಷ್ ಕಾದಂಬರಿಗಳು ನಿರ್ದೋಷವೆಂದು ಇದರ ಅಭಿಪ್ರಾಯವಲ್ಲ. ಆ ಜಾತಿಯ ಗ್ರಂಥಗಳಲ್ಲಿ ಶಯನಗೃಹದ ವರ್ಣನೆಯು ಅಳತೆಮೀರುವುದುಂಟು. ಮುಚ್ಚಿ ಹೇಳಿದರೆ ಧ್ವನಿಸುವುದನ್ನು ಬಿಚ್ಚಿ ಹೇಳಿ ಕೆಡಿಸುವ ಈ ದೋಷವು ಸ್ತ್ರೀಪುರುಷರ ಪ್ರಣಯಕಥೆಗಳಲ್ಲಿಯೂ ಅಷ್ಟೇ ಇದೆ. ಇನ್ನೊಂದು ದೂರೆಂದರೆ, ಕೊನೆಯಲ್ಲಿ ಇಬ್ಬರೂ ಕೂಡಿಯೇ ತೀರುವರೆಂದು ಮೊದಲೇ ನಿಶ್ಚಿತವಾಗಿರುವುದು. ಈ ದೂರನ್ನು ಸಂಸ್ಕೃತ ಬಲ್ಲವರು ಹೇಳಬಾರದು. ನಾಟಕವು ನಿರ್ವಹಣಸಂಧಿಯಲ್ಲಿ ಮಂಗಳವಾಗಿ ಮುಗಿಯಬೇಕೆಂಬ ನಿಯಮವನ್ನು ಮಾಡಿದವರು ಯಾರು? ದುಷ್ಯಂತನು ಶಕುಂತಲೆಯನ್ನು ಮರಳಿ ಪಡೆಯುವನೆಂದು ತಿಳಿದೇ ಸಹೃದಯರು ಏಳು ಅಂಕಗಳನ್ನೂ ಓದುತ್ತಾರೆ. ಕೂಡುವರೆಂಬ ಭರವಸೆಯು ಅಲ್ಲಿ ಗುಣವಾದರೆ ಇಲ್ಲಿ ದೋಷವಾಗುವುದು ಹೇಗೆ?

ಇಷ್ಟಾದ ಮೇಲೆ ಕನ್ನಡದ ಸ್ಥಿತಿಯನ್ನು ನೋಡುವುದು. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರರ 'ಮೋಹನಸ್ವಾಮಿ' ಎಂಬ ಕಥಾಸಂಕಲನವು ೨೦೧೩ರಲ್ಲಿ, ಅಂದರೆ ಸರ್ವೋಚ್ಚ ನ್ಯಾಯಾಲಯವು ಹಳೆಯ ಕಲಮನ್ನು ಮರಳಿ ಬಿಗಿದ ವರ್ಷದಲ್ಲಿಯೇ, ಪ್ರಕಟವಾಯಿತು. ಅದರ ನಾಯಕನು ಪುರುಷನನ್ನೇ ಪ್ರೀತಿಸಿದವನು. ಪ್ರೀತಿಸಿದ ಕಾರ್ತಿಕನು ಹೆಣ್ಣನ್ನು ವರಿಸಿ ಹೋಗುವಾಗ ಉಂಟಾಗುವ ಸಂಕಟವನ್ನು ಒಬ್ಬಂಟಿಯಾಗಿ ನುಂಗಿದವನು. ಲೇಖಕರು ತಮ್ಮ ಸ್ವಭಾವವನ್ನೂ ಮರೆಮಾಚದೆ ಲೋಕಕ್ಕೆ ತಿಳಿಸಿದರು. ೨೦೧೬ರಲ್ಲಿ ರಶ್ಮಿ ತೇರದಾಳ ಅವರ ಅನುವಾದದಿಂದ ಪುಸ್ತಕವು ಇಂಗ್ಲಿಷಿಗೂ ಹೋಯಿತು. ಸಂಕಲನದ ಕೊನೆಯಲ್ಲಿ ನಾಯಕನು ಕಿಲಿಮಂಜಾರೋ ಪರ್ವತವನ್ನು ಏರುತ್ತಾನೆ. ದುಃಖದಿಂದ ಎದ್ದು ನಿಂತವನ ಕಥೆಯಾಗಿ ಅದು ಶ್ಲಾಘ್ಯವು. ಆದಾಗ್ಯೂ ಒಬ್ಬರು ಹಾಕಿದ ದಾರಿಯಲ್ಲಿ ಹತ್ತು ಮಂದಿ ನಡೆಯದಿದ್ದರೆ ಅದರಲ್ಲಿ ಹುಲ್ಲು ಬೆಳೆಯುತ್ತದೆ. ಕನ್ನಡದಲ್ಲಿ ಇಂಥವನ ಅಳಲಿಗೆ ಪುಟಗಳು ದೊರೆತಿವೆ. ಅವನ ಸಂತೋಷಕ್ಕೆ ದೊರೆತದ್ದು ಬಹಳ ಕಡಮೆ.

ಗ್ಲಾಸ್ಗೋವಿನ ಕಾದಂಬರಿಗಳಿಂದ ಕಲಿಯತಕ್ಕದ್ದು ಇದೊಂದೇ. ಅಲ್ಲಿ ಪ್ರಣಯಿಗಳು ಇಬ್ಬರೇ ಅಲ್ಲ, ಸುತ್ತಲೂ ಒಂದು ತಂಡವಿದೆ. ಚೆಂಡನ್ನು ದಾಟಿಸುವವನು, ಬಿದ್ದವನನ್ನು ಎತ್ತುವವನು, ಗೇಲಿಮಾಡುವವನು, ಗೇಲಿಮಾಡಿದವನನ್ನು ಗದರಿಸುವವನು, ಎಲ್ಲರೂ ಇದ್ದಾರೆ. ಹೊನ್ನಾಳಿ ನ್ಯಾಮತಿಗಳ ಕಡೆ ಫುಟ್‌ಬಾಲಿಗಿಂತ ಕಬಡ್ಡಿ, ವಾಲಿಬಾಲುಗಳು ಹೆಚ್ಚು. ಸಂಜೆಯ ಹೊತ್ತು ತುಂಗಭದ್ರೆಯ ಕಡೆಯಿಂದ ಗಾಳಿ ಬೀಸುವಾಗ ಶಾಲೆಯ ಬಯಲಿನಲ್ಲಿ ಕಬಡ್ಡಿಯಾಡುವ ಹನ್ನೆರಡು ಹುಡುಗರಲ್ಲಿ ಒಬ್ಬನು ಹೀಗಿರಬಹುದು. ಅವನ ಕಿವಿಗೆ ದಿನವೂ ಬೀಳುವ ಬೈಗುಳೆಂದರೆ ಅವನ ಸ್ವಭಾವವೇ. ಎದುರಾಳಿಯನ್ನು ಹಳಿಯಲು ಬೇರೆ ಮಾತು ತೋಚದಾಗ ಹುಡುಗರು ಆ ಮಾತನ್ನು ಎಸೆಯುತ್ತಾರೆ. ಎಸೆದವನಿಗೆ ಅದು ನೆನಪಿರುವುದಿಲ್ಲ, ತಗುಲಿದವನು ಮರೆಯುವುದಿಲ್ಲ. ಆ ಬಯಲಿನಲ್ಲಿಯೇ ಅವನಿಗೆ ಗೆಳೆತನವೂ ಪ್ರೇಮವೂ ದೊರೆಯುವ ಕಥೆಯನ್ನು ಕನ್ನಡಿಗನೊಬ್ಬನು ಈ ಸೀಮೆಯ ಮಾತಿನಲ್ಲಿಯೇ ಬರೆಯಲಿ. ಸ್ಕಾಟರದನ್ನು ಭಾಷಾಂತರಿಸಿ ತರುವುದಕ್ಕಿಂತ ಅದು ಲೇಸು.

ಇದನ್ನು ಓದಿ ಹುಡುಗರು ಕೆಟ್ಟಾರೆಂಬುದು ಕೊನೆಯ ಆಕ್ಷೇಪವು. ಪುಸ್ತಕವು ಸ್ವಭಾವವನ್ನು ತಿರುಗಿಸಬಲ್ಲದಾದರೆ, ತೊಟ್ಟಿಲಿನಿಂದ ಸ್ತ್ರೀಪುರುಷರ ಕಥೆಗಳನ್ನೂ ಹಾಡುಗಳನ್ನೂ ಕೇಳುತ್ತಲೇ ಬೆಳೆದ ಇಂಥ ಹುಡುಗನ ಸ್ವಭಾವವು ಏಕೆ ತಿರುಗಲಿಲ್ಲ? ಸಾವಿರ ಕಥೆಗಳಿಂದ ಆಗದುದು ಒಂದು ಕಥೆಯಿಂದ ಆಗುವುದೆಂಬುದು ತರ್ಕಕ್ಕೆ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು.

ಕೆಡುಕು ಇರುವುದು ಓದಿನಲ್ಲಲ್ಲ, ಓದದಿರುವುದರಲ್ಲಿ. ಮಗನ ಮನಸ್ಸನ್ನರಿಯದೆ, ಅಥವಾ ಅರಿತೂ ಅರಿಯದವರಂತೆ, ಮದುವೆಯಾದರೆ ಸರಿಹೋದೀತೆಂದು ತಂದೆತಾಯಿಗಳು ಕನ್ಯೆಯನ್ನು ನೋಡುತ್ತಾರೆ. ಜಾತಕವು ಕೂಡುತ್ತದೆ, ಛತ್ರವು ಗೊತ್ತಾಗುತ್ತದೆ, ಲಗ್ನಪತ್ರಿಕೆಯು ಅಚ್ಚಾಗುತ್ತದೆ. ಪರರ ಮನೆಯ ಮಗಳೊಬ್ಬಳು ತನ್ನಲ್ಲಿ ಯಾವ ಕೊರತೆಯಿದೆಯೋ ಎಂದು ಜೀವಮಾನವಿಡೀ ಕೊರಗುತ್ತಾಳೆ. ಇದಕ್ಕಿಂತ ದೊಡ್ಡ ಅನೌಚಿತ್ಯವು ಯಾವ ಅಲಂಕಾರಗ್ರಂಥದಲ್ಲಿದೆ? ಪುರುಷರಿಬ್ಬರ ವಿವಾಹಕ್ಕೆ ಮಾನ್ಯತೆಯನ್ನು ಕೊಡಲು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಆ ಚರ್ಚೆಯು ಶಾಸನಸಭೆಗೆ ಸೇರಿದ್ದು. ಆದರೆ ಒಲ್ಲದ ಮದುವೆಯನ್ನು ನಿಲ್ಲಿಸಲು ಯಾವ ಶಾಸನವೂ ಬೇಕಾಗಿಲ್ಲ. ಮಗನು ಮಾತನಾಡಬಲ್ಲನೆಂಬ ಧೈರ್ಯವು ಮನೆಯಲ್ಲಿದ್ದರೆ ಸಾಕು. ಆ ಮಾತಿಗೆ ಶಬ್ದಗಳನ್ನು ಒದಗಿಸಬಲ್ಲದ್ದು ಸಾಹಿತ್ಯವೇ.

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದಲ್ಲಿಯೇ ಸಾರಿದ ಕವಿರಾಜಮಾರ್ಗವುಳ್ಳ ಭಾಷೆ ಕನ್ನಡ. ಇಲ್ಲಿ ಸೈರಿಸಬೇಕಾದವರು ಪರರೂ ಅಲ್ಲ, ಮನೆಯ ಮಕ್ಕಳೇ. ಆದುದರಿಂದ ಜಿಲ್ಲೆಯ ವಾಚನಾಲಯಗಳು 'ಮೋಹನಸ್ವಾಮಿ'ಯನ್ನು ತರಿಸಿ, ಬೀಗಹಾಕಿದ ಕಪಾಟಿನಲ್ಲಲ್ಲ, ಎಲ್ಲರ ಕೈಗೆಟಕುವ ಸಾಲಿನಲ್ಲಿ ಇಡತಕ್ಕದ್ದು. ಗೃಹಸ್ಥರು ಮಕ್ಕಳಿಗೆ ಓದಬೇಡವೆನ್ನುವುದಕ್ಕೆ ಮೊದಲು ತಾವೇ ಓದತಕ್ಕದ್ದು. ಕಿರಿಯ ಲೇಖಕರು ಈ ವಸ್ತುವನ್ನು ಔಚಿತ್ಯವರಿತು ಬರೆಯತಕ್ಕದ್ದು. ಓದಿದ ಮೇಲೂ ರಸಾಭಾಸವೆನಿಸಿದರೆ ಆಗ ಅವಶ್ಯವಾಗಿ ವಾದಮಾಡಬಹುದು. ಓದದೆಯೇ ಮಾಡುವ ವಾದವನ್ನು ನೈಯಾಯಿಕರು ವಿತಂಡೆಯೆಂದು ಕರೆದಾರು.